ಮಕ್ಕಳ ಹಾಡಿನ ವಿಡಿಯೊ ಮತ್ತು ಪ್ರೇಕ್ಷಕರ ಅಭಿಪ್ರಾಯ

ಮಕ್ಕಳು ಮಾಡಿದ ಕೆಲಸವನ್ನು ಕಂಡು ಹಿರಿಯರು "ಬಹಳ ಚೆನ್ನಾಗಿದೆ" ಎನ್ನುವುದು ಲೋಕರೂಢಿ. ಎಳೆಯ ಮನಸ್ಸು ಅರಳುವುದಕ್ಕೆ ಆ ಮಾತು ಬೇಕು. ಆದರೆ ಮುಂದಿನ ಕೆಲಸಕ್ಕೆ ಅದು ಯಾವ ದಾರಿಯನ್ನೂ ತೋರುವುದಿಲ್ಲ. ನಮ್ಮ ಶಾಲೆಯ ಮಕ್ಕಳು ಒಂದು ಹಾಡಿನ ವಿಡಿಯೊ ತಯಾರಿಸಿದಾಗ ಇದು ನಮಗೆ ಮನದಟ್ಟಾಯಿತು. ಆ ಅನುಭವವನ್ನು ಅಧ್ಯಾಪಕ ಬಂಧುಗಳ ಮುಂದಿಡುತ್ತೇವೆ.

ಕೇರಳದ ಹೈಸ್ಕೂಲುಗಳಲ್ಲಿ 2018ರಲ್ಲಿ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕೂಟಗಳು ಆರಂಭವಾದವು. ಚಿತ್ರಗಳನ್ನು ಜೋಡಿಸುವ ಕೆಡೆನ್‌ಲೈವ್, ಧ್ವನಿಯನ್ನು ತಿದ್ದುವ ಅಡಾಸಿಟಿ ಮೊದಲಾದ ಉಚಿತ ತಂತ್ರಾಂಶಗಳು ಕಾಸರಗೋಡಿನ ಕನ್ನಡ ಮಕ್ಕಳ ಕೈಗೂ ಬಂದವು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಸುರಂಗವನ್ನು ಕುರಿತು ಒಂದು ಹಾಡು ಕಟ್ಟಿದ್ದಳು. ಬಾಯಾರಿನ ಕಡೆಯವರಿಗೆ ಸುರಂಗವೆಂದರೇನೆಂದು ಹೇಳಬೇಕಾಗಿಲ್ಲ. ದೂರದ ವಾಚಕರಿಗಾಗಿ ಹೇಳುತ್ತೇವೆ. ಮುರಕಲ್ಲಿನ ಗುಡ್ಡೆಯ ಮೈಗೆ ಒಬ್ಬಾಳು ನುಗ್ಗುವಷ್ಟು ಅಗಲದಲ್ಲಿ, ತುಸು ಏರುವಂತೆ, ಅಡ್ಡಕ್ಕೆ ಕೊರೆದ ಬಾವಿ ಅದು. ಒಳಗಿನ ಒರತೆಯ ನೀರು ತಾನಾಗಿ ಹೊರಕ್ಕೆ ಹರಿಯುತ್ತದೆ; ಎತ್ತುವ ಕೆಲಸವಿಲ್ಲ. ಮಕ್ಕಳು ತಮ್ಮ ಊರಿನ ಒಬ್ಬ ವೃದ್ಧ ಸುರಂಗ ತೋಡುಗನನ್ನೂ ಅವನ ಹೆಂಡತಿಯನ್ನೂ ಒಪ್ಪಿಸಿ ಚಿತ್ರ ತೆಗೆದರು. (ಮಕ್ಕಳನ್ನು ಒಳಗೆ ಬಿಡಲಿಲ್ಲ, ಎಲ್ಲವೂ ಸುರಂಗದ ಬಾಯಿಯಲ್ಲಿ ನಿಂತು ತೆಗೆದದ್ದೇ.)

ಮೊದಲ ಪ್ರದರ್ಶನ ಶಾಲೆಯ ಸಭಾಂಗಣದಲ್ಲಿ ನಡೆಯಿತು. "ಹೇಗಿತ್ತು?" ಎಂದು ಮಕ್ಕಳು ಕೇಳಿದರು, "ಚೆನ್ನಾಗಿತ್ತು" ಎಂದು ಎಲ್ಲರೂ ಹೇಳಿದರು. ಅಲ್ಲಿಗೆ ಮುಗಿಯಿತು. ಪ್ರಶ್ನೆಯೇ ಸರಿಯಿಲ್ಲದಿದ್ದರೆ ಉತ್ತರವನ್ನು ದೂರಿ ಫಲವೇನು?

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಹೆಚ್ಚು ಜಾಗರೂಕರಾಗಿದ್ದರು. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯ ಪ್ರಯೋಗದ ಸಿದ್ಧಿಯನ್ನೇ ಕುರಿತದ್ದು. ಪ್ರೇಕ್ಷಕರ ಮುಗುಳ್ನಗೆ, ಉದ್ಗಾರ, ರೋಮಾಂಚ, ಆಸನದಿಂದ ಎದ್ದು ನಿಲ್ಲುವುದು, ಇವನ್ನೆಲ್ಲ ಅಲ್ಲಿ ಮಾನುಷೀ ಸಿದ್ಧಿಯ ಕುರುಹುಗಳೆಂದು ಎಣಿಸಿದೆ. ತುಂಬಿದ ರಂಗದಲ್ಲಿ ಸದ್ದೂ ಕ್ಷೋಭೆಯೂ ಇಲ್ಲದಿದ್ದರೆ ಅದು ದೈವೀ ಸಿದ್ಧಿ. ಅಂದರೆ ಪ್ರೇಕ್ಷಕನು ಆಮೇಲೆ ಏನು ಹೇಳಿದನೆಂಬುದಕ್ಕಿಂತ ನೋಡುವಾಗ ಅವನಿಗೆ ಏನಾಯಿತೆಂಬುದರ ಕಡೆಗೆ ಭರತನ ಕಣ್ಣು. ವಿವಾದ ಬಂದರೆ ತೀರ್ಮಾನಿಸಲು ಅವನು ಹೇಳುವ ಪ್ರಾಶ್ನಿಕರಲ್ಲಿ ಛಂದಸ್ಸು ಬಲ್ಲವನು, ಶಬ್ದಶಾಸ್ತ್ರಜ್ಞ, ಚಿತ್ರಗಾರ, ಗಾಯಕ ಎಲ್ಲರೂ ಇದ್ದಾರೆ. ಒಬ್ಬೊಬ್ಬನ ಮಾತು ಅವನವನ ವಿದ್ಯೆಯ ಮಟ್ಟಿಗೆ ಪ್ರಮಾಣ. ಇತ್ತ ಕೇಂಬ್ರಿಜ್‌ನಲ್ಲಿ ಐ. ಎ. ರಿಚರ್ಡ್ಸ್ ಕವಿಯ ಹೆಸರು ಹೇಳದೆ ಪದ್ಯಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅವರು ಬರೆದುಕೊಟ್ಟದ್ದನ್ನು ಪರಿಶೀಲಿಸಿ 1929ರಲ್ಲಿ ಪ್ರಕಟಿಸಿದರು. ಓದುಗರು ಎಲ್ಲೆಲ್ಲಿ, ಹೇಗೆ ಹೇಗೆ ದಾರಿ ತಪ್ಪುತ್ತಾರೆಂಬುದೇ ಅದರ ತಿರುಳು.

ಆದುದರಿಂದ ಎರಡನೆಯ ಸಲ ನಾವು ಹೆಸರು ಬರೆಯದ ಚೀಟಿಗಳನ್ನು ಹಂಚಿಸಿದೆವು. 'ಚೆನ್ನಾಗಿದೆಯೇ' ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ನೀವು ಕಂಡ ಕಥೆಯನ್ನು ಎರಡು ಸಾಲಿನಲ್ಲಿ ಬರೆಯಿರಿ. ಯಾವ ಮಾತು ಕೇಳಿಸಲಿಲ್ಲ. ಎಲ್ಲಿ ಬೇಸರವಾಯಿತು: ಇಷ್ಟೇ. ಮಲಯಾಳ ಮಾಧ್ಯಮದ ಒಂದು ತರಗತಿಯನ್ನೂ ಕೂರಿಸಿ, ಅವರ ಭಾಷೆಯಲ್ಲೇ ಬರೆಯಹೇಳಿದೆವು. ಇಬ್ಬರು ಹುಡುಗರನ್ನು ಪರದೆಗೆ ಬೆನ್ನು ಹಾಕಿಸಿ ಪ್ರೇಕ್ಷಕರ ಮುಖ ನೋಡಲು ನಿಲ್ಲಿಸಿದೆವು.

ಚೀಟಿಗಳನ್ನು ಬಿಡಿಸಿದಾಗ ಮಕ್ಕಳ ಮುಖ ಬಾಡಿತು. ಹೆಚ್ಚಿನವರು ಬರೆದಿದ್ದರು: ಅಜ್ಜ ಸುರಂಗದಲ್ಲಿ ಸತ್ತುಹೋದ. ಮಕ್ಕಳ ಮನಸ್ಸಿನಲ್ಲಿ ಸಾವಿನ ಮಾತೇ ಇರಲಿಲ್ಲ! ಅವರು ಜೋಡಿಸಿದ್ದು ಹೀಗೆ: ಅಜ್ಜ ಮೇಣದ ಬತ್ತಿ ಹಿಡಿದು ಕತ್ತಲೆಗೆ ನುಗ್ಗುತ್ತಾನೆ, ಅಜ್ಜಿ ಜಗಲಿಯಲ್ಲಿ ಕುಳಿತು ಕಣ್ಣೊರಸಿಕೊಳ್ಳುತ್ತಾಳೆ, ಗೋಡೆಗೊರಗಿಸಿದ ಪಿಕ್ಕಾಸು, ಕೊನೆಗೆ ಅಡಕೆ ಮರದ ದಂಬೆಯಲ್ಲಿ ಹರಿಯುವ ನೀರು. ಅಜ್ಜಿ ಕಣ್ಣೊರಸಿದ್ದು ಒಲೆಯ ಹೊಗೆಗೆ. ಆದರೆ ಹೊಗೆ ಚಿತ್ರದಲ್ಲಿ ಕಾಣದು. ರಷ್ಯದ ಲೆವ್ ಕುಲೆಶೋವ್ 1920ರ ಸುಮಾರಿಗೆ ನಡೆಸಿದನೆಂದು ಹೇಳುವ ಪ್ರಯೋಗ ಇದನ್ನೇ ತೋರುತ್ತದೆ. ಒಬ್ಬ ನಟನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಬಳಿ ಇಟ್ಟರೆ ಪ್ರೇಕ್ಷಕರಿಗೆ ಹಸಿವು ಕಂಡಿತಂತೆ, ಶವಪೆಟ್ಟಿಗೆಯ ಬಳಿ ಇಟ್ಟರೆ ದುಃಖ. ಎರಡು ಚಿತ್ರಗಳ ನಡುವಣ ಅರ್ಥವನ್ನು ತುಂಬುವವನು ನೋಡುವವನೇ.

ಹಾಡು ಅರ್ಥವಾಗದ ಮಲಯಾಳ ಮಕ್ಕಳೂ, ಹಾಡು ಬಲ್ಲ ಕನ್ನಡ ಮಕ್ಕಳೂ ಒಂದೇ ಕಥೆಯನ್ನು ಬರೆದಿದ್ದರು. ಹಾಗಾದರೆ ದೋಷ ಮಾತಿನದಲ್ಲ, ಜೋಡಣೆಯದು. ಹಾಡಿನ ಒಂದು ಪದವನ್ನೂ ಮುಟ್ಟದೆ ಮಕ್ಕಳು ಒಲೆ ಊದುವ ಅಜ್ಜಿಯನ್ನು ಮೊದಲಿಗೆ ತಂದರು. ನೀರು ಹರಿದ ಮೇಲೆ, ಕೆಸರು ಮೆತ್ತಿದ ಅಜ್ಜ ಹೊರಬರುವುದನ್ನು ಹೊಸದಾಗಿ ತೆಗೆದು ಸೇರಿಸಿದರು.

ಇನ್ನೊಂದು ದೂರು ಹಿರಿಯರದು: "ಹಾಡು ಬಹಳ ವೇಗ." ಮಕ್ಕಳು ಲಯವನ್ನು ನಿಧಾನಿಸಲು ಹೊರಟಿದ್ದರು, ನಾವು ತಡೆದೆವು. ಕಣ್ಣು ಮುಚ್ಚಿ ಕೇಳಿ ನೋಡಿದರೆ, ಚೆಂಡೆಯೂ ಹಾರ್ಮೋನಿಯಮ್ಮೂ ಕಂಠದಷ್ಟೇ ಗಟ್ಟಿಯಾಗಿದ್ದು ವ್ಯಂಜನಗಳನ್ನೆಲ್ಲ ನುಂಗಿಹಾಕಿದ್ದವು. ಕಂಠ ಬರುವಲ್ಲಿ ವಾದ್ಯವನ್ನು ತಗ್ಗಿಸಿದ್ದಷ್ಟೆ. ವೇಗದ ದೂರು ಮತ್ತೆ ಬರಲಿಲ್ಲ. ರೋಗಿ ನೋವಿರುವ ಜಾಗವನ್ನು ಸರಿಯಾಗಿ ತೋರಿಸುತ್ತಾನೆ. ಔಷಧವನ್ನೂ ಅವನೇ ಹೇಳಿದರೆ ವೈದ್ಯನು ಹಾಗೆಯೇ ಬರೆದುಕೊಡುವುದಿಲ್ಲವಷ್ಟೆ.

ಯೂಟ್ಯೂಬಿಗೆ ಏರಿಸಿದವರಿಗೆ ನೋಡುಗರು ಯಾವ ಗಳಿಗೆಯಲ್ಲಿ ಬಿಟ್ಟುಹೋದರೆಂಬ ಗೆರೆಚಿತ್ರವೂ ಸಿಕ್ಕುತ್ತದೆ. ಅದೂ ಜಾಗವನ್ನು ಹೇಳುತ್ತದೆ, ಕಾರಣವನ್ನಲ್ಲ. ನೋಡಿದವರ ಸಂಖ್ಯೆಯಲ್ಲಿ ಮಾಡಿದ ಮಕ್ಕಳೂ ಅವರ ನೆಂಟರೂ ಎಷ್ಟು ಮಂದಿಯೆಂಬುದನ್ನು ಬಲ್ಲವರಾರು? ಆ ಸಂಖ್ಯೆಗೆ ನಾವು ಹೆಚ್ಚು ಬೆಲೆ ಕೊಡೆವು.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಒಬ್ಬ ಹುಡುಗನ ನೆಂಟರಿಂದ ಬಂತು. ಮೈಸೂರಿನ ಕಡೆಯಲ್ಲಿರುವ ಆ ಹಿರಿಯರು ಫೋನಿನಲ್ಲಿ ವಿಡಿಯೊ ನೋಡಿ, "ಗುಡ್ಡೆ ಅಲ್ಲ, ಗುಡ್ಡ, ಪಿಕ್ಕಾಸು ಎಂದರೆ ಯಾರಿಗೆ ತಿಳಿದೀತು? ಶುದ್ಧ ಕನ್ನಡದಲ್ಲಿ ಹಾಡಿಸಿ" ಎಂದು ಬರೆದರು. ಹಾಡು ಕಟ್ಟಿದ ಹುಡುಗಿ ಮರುದಿನ ಆ ಎರಡು ಚರಣಗಳನ್ನು ಕೈಯಲ್ಲಿ ಹೊಡೆದುಹಾಕಿಕೊಂಡು ನಮ್ಮ ಕೋಣೆಗೆ ಬಂದಳು. "ನಮ್ಮದು ತಪ್ಪು ಕನ್ನಡವೋ ಸರ್?" ಎಂದು ಕೇಳಿದಳು. ಗಡಿನಾಡಿನಲ್ಲಿ ಪಾಠ ಹೇಳುವವರಿಗೆ ಈ ಪ್ರಶ್ನೆ ಹೊಸತಲ್ಲ. ಇಲ್ಲಿ ಮಲಯಾಳವನ್ನೂ ತುಳುವನ್ನೂ ಕೇಳುತ್ತ ಬೆಳೆದ ಮಗು ಕನ್ನಡದಲ್ಲಿ ಹಾಡು ಕಟ್ಟುವುದೇ ದೊಡ್ಡ ಮಾತು. ಆ ಕನ್ನಡವನ್ನೂ ನಾಚಿಕೊಂಡರೆ ಮುಂದೆ ಅದು ಬಾಯಿ ತೆರೆಯುವುದು ಹೇಗೆ?

ಆ ಹಿರಿಯರ ಮಾತನ್ನು ನಾವು ತಳ್ಳಿಹಾಕಲಿಲ್ಲ. 'ಪಿಕ್ಕಾಸು' ಅವರಿಗೆ ತಿಳಿಯಲಿಲ್ಲವೆಂಬುದು ದಿಟ. ಅದು ಪ್ರೇಕ್ಷಕನ ಅನುಭವ. 'ಶುದ್ಧ ಕನ್ನಡ' ಎಂಬುದು ಅವರ ತೀರ್ಪು. ಆ ಮಾತು ಬರುವಾಗ ಪರದೆಯ ಮೇಲೆ ಪಿಕ್ಕಾಸನ್ನೇ ತೋರಿಸಿದರಾಯಿತೆಂದು ಹುಡುಗಿಗೇ ಹೊಳೆಯಿತು. ಮಲಯಾಳ ಮಕ್ಕಳಿಗಾಗಿ ಅವರ ಲಿಪಿಯಲ್ಲಿ ಅಡಿಬರಹವೂ ಬಂತು. 'ಗುಡ್ಡೆ' ಗುಡ್ಡೆಯಾಗಿಯೇ ಉಳಿಯಿತು.

ಮೂರನೆಯ ಪ್ರದರ್ಶನದ ಚೀಟಿಗಳಲ್ಲಿ ಅಜ್ಜ ಬದುಕಿದ್ದ. ಮಲಯಾಳ ತರಗತಿಯ ಒಂದು ಚೀಟಿ ಮಾತ್ರ ಹೀಗೆ ಕೇಳಿತ್ತು: "ಈ ಸುರಂಗದಲ್ಲಿ ಬೇಸಗೆಯಲ್ಲೂ ನೀರು ಬರುತ್ತದೆಯೇ?" ನಮ್ಮ ವಿಡಿಯೊದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮಕ್ಕಳು ಮಾರ್ಚಿ ತಿಂಗಳಲ್ಲಿ ಮತ್ತೆ ಬರುತ್ತೇವೆಂದು ಅಜ್ಜನಿಗೆ ಹೇಳಿ ಬಂದಿದ್ದಾರೆ.