ಅಂಬಿನ ತುದಿಗೆ ಎಷ್ಟು ತೂಕ?

ಕಳೆದ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹತ್ತು ವರ್ಷಗಳಿಂದ ಉದ್ಯೋಗದಲ್ಲಿದ್ದಾನೆ. ಮಾತಿನ ನಡುವೆ ಚೀಲದಿಂದ ಒಂದು ಚಿಕ್ಕ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಹತ್ತಿಯ ನಡುವೆ ಎರಡು ಉಕ್ಕಿನ ಅಲಗುಗಳು. ಬೇಟೆಯ ಅಂಬಿನ ತುದಿಗೆ ತೊಡಿಸುವಂಥವು.

“ಮಾಷ್ಟ್ರೇ, ನೋಡಲಿಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಇವುಗಳ ವ್ಯತ್ಯಾಸ ತಿಳಿಯದೆ ನಾನು ಒಂದು ಜಿಂಕೆಯನ್ನು ಹಾಳು ಮಾಡಿದೆ” ಎಂದ.

ಕುತೂಹಲದಿಂದ ಇಬ್ಬರೂ ಪೇಟೆಯ ಅಕ್ಕಸಾಲಿಗರ ಅಂಗಡಿಗೆ ಹೋದೆವು. ಮೊದಲನೆಯದನ್ನು ತಕ್ಕಡಿಯಲ್ಲಿಟ್ಟಾಗ 8 ಗ್ರಾಂ 100 ಮಿಲಿ ತೋರಿಸಿತು. “ಒಂದು ಪವನಿಗಿಂತ ಕೂದಲೆಳೆ ಹೆಚ್ಚು, ಮಾಷ್ಟ್ರೇ” ಎಂದರು ಅಂಗಡಿಯವರು. ಎರಡನೆಯದು 12 ಗ್ರಾಂ 960 ಮಿಲಿ. ಒಂದೂವರೆ ಪವನಿಗೂ ಮೇಲೆ. ವ್ಯತ್ಯಾಸ ಐದು ಗ್ರಾಮಿಗೂ ಕಡಿಮೆ. ಇಷ್ಟರಿಂದ ಏನಾದೀತು ಎಂದು ನಮಗೂ ಅನ್ನಿಸಿತು. ಆಗುವುದೇನೆಂದು ಆತ ಹೇಳಿದ್ದನ್ನೂ ನಾವು ಓದಿ ತಿಳಿದದ್ದನ್ನೂ ಓದುಗರ ಮುಂದಿಡುತ್ತಿದ್ದೇವೆ.

ಇಶಿಯಿಂದ ಬಂದ ವಿದ್ಯೆ

ಅಮೆರಿಕದಲ್ಲಿ ಬೇಟೆಯ ಬಿಲ್ಲುವಿದ್ಯೆ ಈ ಕಾಲದಲ್ಲಿ ಮತ್ತೆ ಚಿಗುರಿದ ಕತೆ 1911ರಿಂದ ಆರಂಭವಾಗುತ್ತದೆ. ಆ ವರ್ಷದ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಓರೊವಿಲ್ ಪಟ್ಟಣದ ಬಳಿ ಹಸಿದು ಬಸವಳಿದ ಒಬ್ಬ ಮೂಲನಿವಾಸಿ ಕಾಡಿನಿಂದ ಹೊರಬಂದ. ಯಾಹಿ ಎಂಬ ಬುಡಕಟ್ಟಿನಲ್ಲಿ ಉಳಿದಿದ್ದವನು ಅವನೊಬ್ಬನೇ. ವಿಶ್ವವಿದ್ಯಾಲಯದವರು ಅವನನ್ನು ಸಾನ್‌ಫ್ರಾನ್ಸಿಸ್ಕೋಗೆ ಕರೆದೊಯ್ದು ‘ಇಶಿ’ ಎಂದು ಕರೆದರು. ಅಲ್ಲಿನ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲು ಹಿಡಿಯಲು ಕಲಿತರು. ಇಶಿ 1916ರಲ್ಲಿ ತೀರಿಕೊಂಡ. ಪೋಪ್ 1923ರಲ್ಲಿ ಬಿಲ್ಲುಬೇಟೆಯ ಕುರಿತು ಪುಸ್ತಕ ಬರೆದರು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನವರಿಗೆಂದೇ ಜಿಂಕೆಬೇಟೆಯ ಪ್ರತ್ಯೇಕ ಅವಧಿಯನ್ನು ಗೊತ್ತುಮಾಡಿತು.

ಇಂದು ಅಲ್ಲಿ ರಾಟೆಗಳುಳ್ಳ ಯಂತ್ರದಂಥ ಬಿಲ್ಲುಗಳೇ ಹೆಚ್ಚು. ಆದರೂ ಮರದ ಬಿಲ್ಲು, ಹಕ್ಕಿಗರಿಯ ಅಂಬುಗಳನ್ನು ಬಿಡದವರು ಸಾಕಷ್ಟಿದ್ದಾರೆ. ನಮ್ಮ ವಿದ್ಯಾರ್ಥಿ ಸೇರಿದ್ದು ಈ ಗುಂಪಿಗೆ.

ಅಲ್ಲಿ ಅಲಗಿನ ತೂಕವನ್ನು ‘ಗ್ರೈನ್’ ಎಂಬ ಮಾನದಿಂದ ಅಳೆಯುತ್ತಾರೆ. ಹಿಂದೆ ಒಂದು ಜವೆಗೋಧಿಯ ಕಾಳಿನಿಂದ ಹುಟ್ಟಿದ ತೂಕವದು, ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ತೂಗುತ್ತಿದ್ದ ಹಾಗೆ. ಒಂದು ಗ್ರಾಮಿಗೆ ಸುಮಾರು 15.4 ಗ್ರೈನ್. ನಾವು ತೂಗಿದ ಅಲಗುಗಳು 125 ಮತ್ತು 200 ಗ್ರೈನಿನವು.

ಹಗುರವೋ, ಭಾರವೋ?

ಅಂಬು ಕೊಲ್ಲುವ ರೀತಿ ಗುಂಡಿನಂತಲ್ಲ. ಅಲಗು ಎದೆಯೊಳಗಿನ ರಕ್ತನಾಳಗಳನ್ನು ಕೊಯ್ಯಬೇಕು, ಎರಡೂ ಶ್ವಾಸಕೋಶಗಳನ್ನು ಹಾಯಬೇಕು. ಹಾಗಾದರೆ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಬೀಳುತ್ತದೆ. ಅಲಗು ಅರ್ಧಕ್ಕೆ ನಿಂತರೆ ಅದು ನರಳುತ್ತಾ ಕಾಡು ಸೇರುತ್ತದೆ. ಆದ್ದರಿಂದ ಹರಿತ ಮೊದಲನೆಯದು, ಆಳ ಎರಡನೆಯದು. ತೂಕದ ಪ್ರಶ್ನೆ ಬರುವುದು ಈ ಆಳಕ್ಕಾಗಿ.

ಒಂದು ಲೆಕ್ಕ ನೋಡೋಣ. ಒಂದೇ ಬಿಲ್ಲಿನಿಂದ 26 ಗ್ರಾಂ ತೂಕದ ಅಂಬು ಸೆಕೆಂಡಿಗೆ 55 ಮೀಟರ್ ವೇಗದಲ್ಲೂ, 36 ಗ್ರಾಂ ತೂಕದ್ದು 49 ಮೀಟರ್ ವೇಗದಲ್ಲೂ ಹೊರಟಿತೆನ್ನಿ. ತೂಕವನ್ನು ವೇಗದಿಂದ ಗುಣಿಸಿದರೆ ಬರುವುದೇ ಪಾಠಪುಸ್ತಕದ ಸಂವೇಗ. ಹಗುರ ಅಂಬಿಗೆ ಅದು 1.43, ಭಾರದ್ದಕ್ಕೆ 1.76. ವೇಗ ಕಡಿಮೆಯಾದರೂ ಎದುರಿನ ತಡೆಯನ್ನು ನೂಕಿ ಒಳಹೋಗುವ ಬಲ ಭಾರದ ಅಂಬಿಗೇ ಹೆಚ್ಚು. ಬಿಲ್ಲಿನಲ್ಲಿ ಕೂಡಿಟ್ಟ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಹೊತ್ತೊಯ್ಯುವುದೂ ಅದೇ. ಹಗುರ ಅಂಬಾದರೆ ಉಳಿದ ಶಕ್ತಿ ಬಿಲ್ಲನ್ನೇ ನಡುಗಿಸುತ್ತದೆ.

ಇದಕ್ಕೆ ತೆರುವ ಬೆಲೆಯೂ ಇದೆ. 20 ಮೀಟರ್ ದೂರ ಹೋಗುವಷ್ಟರಲ್ಲಿ ಹಗುರ ಅಂಬು ಸುಮಾರು 65 ಸೆಂಟಿಮೀಟರ್ ಕೆಳಗೆ ಬಾಗಿದರೆ ಭಾರದ್ದು 82 ಸೆಂಟಿಮೀಟರ್ ಬಾಗುತ್ತದೆ. ವ್ಯತ್ಯಾಸ ಮುಕ್ಕಾಲು ಗೇಣು. ಜಿಂಕೆಯ ಎದೆಗೂ ಹೊಟ್ಟೆಗೂ ಇರುವ ಅಂತರ ಇದಕ್ಕಿಂತ ಬಹಳ ದೊಡ್ಡದೇನಲ್ಲ. ಭಾರದ ಅಲಗು ಬೇಕೆನ್ನುವವನು ಹತ್ತಿರದಿಂದ ಬಿಡಲು ಕಲಿಯಬೇಕು. ಇಶಿ ಮಾಡುತ್ತಿದ್ದದ್ದೂ ಅದನ್ನೇ. ಮೊಲದ ಕೂಗನ್ನು ಅನುಕರಿಸಿ ಪ್ರಾಣಿಯನ್ನು ಹತ್ತಿರ ಬರಮಾಡಿಕೊಳ್ಳುತ್ತಿದ್ದನೆಂದು ಪೋಪ್ ಬರೆದಿದ್ದಾರೆ.

ಆ ಸಂಜೆ ನಡೆದದ್ದು

ನಮ್ಮ ವಿದ್ಯಾರ್ಥಿ ಒಂದು ವರ್ಷ 125 ಗ್ರೈನಿನ ಮೊನೆಯಿಂದ ಅಭ್ಯಾಸ ಮಾಡಿದ್ದ. ಅಂಬು ನೆಟ್ಟಗೆ ಹೋಗುತ್ತಿತ್ತು. ಭಾರ ಹೆಚ್ಚಿದಷ್ಟೂ ಆಳ ಹೆಚ್ಚೆಂದು ಯಾರೋ ಹೇಳಿದ್ದನ್ನು ಕೇಳಿ, ಬೇಟೆಗೆ ಹೊರಡುವ ಹಿಂದಿನ ರಾತ್ರಿ ಅದೇ ಕೋಲುಗಳಿಗೆ 200 ಗ್ರೈನಿನ ಅಲಗು ತೊಡಿಸಿದ. ಒಂದು ಅಂಬನ್ನೂ ಬಿಟ್ಟು ನೋಡಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಹೆದೆ ಹಿಂದಿನಿಂದ ನೂಕುವಾಗ ಅಂಬು ನೆಟ್ಟಗೆ ಹೊರಡುವುದಿಲ್ಲ. ಹಾವಿನಂತೆ ಬಳುಕುತ್ತಾ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೋಗುತ್ತದೆ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ವಿಜ್ಞಾನಿ ಅತಿವೇಗದ ಛಾಯಾಚಿತ್ರ ತೆಗೆದು ಇದನ್ನು ತೋರಿಸಿದರು. ಈ ಬಳುಕು ಹದವಾಗಿರಬೇಕು. ತುದಿಗೆ ಭಾರ ಹೆಚ್ಚಿಸಿದರೆ ಅದೇ ಕೋಲು ಮೊದಲಿಗಿಂತ ಮೆತ್ತಗಿರುವಂತೆ ವರ್ತಿಸಿ ಅತಿಯಾಗಿ ಬಳುಕುತ್ತದೆ.

ಹದಿನೆಂಟು ಮೀಟರ್ ದೂರದಲ್ಲಿ ಜಿಂಕೆ ಅಡ್ಡಲಾಗಿ ನಿಂತಿತ್ತು. ಅಂಬು ಬಾಲ ಆಡಿಸುತ್ತಾ ಹೋಗಿ, ಎಣಿಸಿದ್ದಕ್ಕಿಂತ ಕೆಳಗೆ, ಓರೆಯಾಗಿ ಭುಜದ ಎಲುಬಿಗೆ ಬಡಿಯಿತು. ಓರೆಯಾಗಿ ಬಡಿದ ಅಂಬಿನ ಬಲವೆಲ್ಲ ಕೋಲು ಅದುರುವುದರಲ್ಲೇ ಮುಗಿಯುತ್ತದೆ. ಸಂವೇಗದ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಾರದು. ಜಿಂಕೆ ಓಡಿತು. ಲಾಟೀನು ಹಿಡಿದು ನಡುರಾತ್ರಿಯವರೆಗೆ ರಕ್ತದ ಹನಿಗಳ ಹಿಂದೆ ನಡೆದ. ಒಂದು ತೋಡಿನ ದಡದಲ್ಲಿ ಹನಿಗಳು ನಿಂತವು. ಮರುದಿನವೂ ಸಿಗಲಿಲ್ಲ.

ಆರಿಸುವ ಕ್ರಮ

ಆಮೇಲೆ ಆತ ಕಲಿತ ಕ್ರಮ ಇದು. ತೂಕವನ್ನು ಅಲಗಿನಿಂದ ಆರಂಭಿಸಬಾರದು, ಬಿಲ್ಲಿನಿಂದ ಆರಂಭಿಸಬೇಕು. ಬಿಲ್ಲಿನ ಎಳೆತವನ್ನು ತನ್ನ ತೋಳಿನ ಅಳತೆಗೆ ಎಳೆದು ನೋಡಬೇಕು. ಅದು 50 ಪೌಂಡ್ ಎಂದಾದರೆ, ಪೌಂಡಿಗೆ 9ರಿಂದ 10 ಗ್ರೈನಿನಂತೆ ಇಡೀ ಅಂಬು 450ರಿಂದ 500 ಗ್ರೈನ್ ಇರುವುದು ಜಿಂಕೆಗೆ ಯೋಗ್ಯ. ಕೋಲು, ಗರಿ, ಹೆದೆಗೆ ಸಿಕ್ಕಿಸುವ ಕಚ್ಚು ಸೇರಿ 375 ತೂಗಿದರೆ ಅಲಗಿಗೆ ಉಳಿಯುವುದು 125. ಹೆಚ್ಚು ಭಾರ ಬೇಕಿದ್ದರೆ ಕೋಲನ್ನೂ ಬದಲಿಸಬೇಕು.

ಕೋಲಿನ ಬಿಗಿಯನ್ನು ಅಳೆಯುವ ಹಳೆಯ ರೀತಿ ಸರಳವಾಗಿದೆ. 26 ಇಂಚು ಅಂತರದ ಎರಡು ಆಧಾರಗಳ ಮೇಲೆ ಕೋಲನ್ನಿಟ್ಟು ನಡುವೆ 2 ಪೌಂಡ್ ತೂಗುಹಾಕುವುದು. ಅರ್ಧ ಇಂಚಿಗಿಂತ ತುಸು ಹೆಚ್ಚು, 0.52 ಇಂಚು ಬಾಗಿದರೆ ಅದು 50 ಪೌಂಡಿನ ಬಿಲ್ಲಿನ ಕೋಲು. ಕಡಿಮೆ ಬಾಗಿದಷ್ಟೂ ಬಿಗಿ ಹೆಚ್ಚು. ಭಾರದ ಅಲಗಿಗೆ ಇನ್ನೂ ಬಿಗಿಯಾದ ಕೋಲೇ ಬೇಕು. ಕೊನೆಗೆ ಗರಿಯಿಲ್ಲದ ಕೋಲಿಗೆ ಅಷ್ಟೇ ತೂಕದ ಮೊನೆ ತೊಡಿಸಿ ಗುರಿಹಲಗೆಗೆ ಬಿಟ್ಟು ನೋಡುವುದು. ಬಲಗೈಯಿಂದ ಹೆದೆ ಎಳೆಯುವವರಿಗೆ ಅದು ಬಲಕ್ಕೆ ಹೋದರೆ ಕೋಲು ಮೆತ್ತಗೆ, ಎಡಕ್ಕೆ ಹೋದರೆ ಬಿಗಿ. ಗರಿ ಮುಚ್ಚಿಡುವ ತಪ್ಪನ್ನು ಬೋಳುಕೋಲು ಮುಚ್ಚಿಡುವುದಿಲ್ಲ.

1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ದೊಡ್ಡ ಪ್ರಾಣಿಗಳ ಮೇಲೆ ಬಗೆಬಗೆಯ ಅಂಬುಗಳನ್ನು ಪರೀಕ್ಷಿಸಿದ ಡಾ. ಎಡ್ ಆ್ಯಶ್‌ಬಿ, ದಪ್ಪ ಎಲುಬನ್ನು ಭೇದಿಸಲು ಅಂಬು ಸುಮಾರು 650 ಗ್ರೈನ್, ಅಂದರೆ 42 ಗ್ರಾಂ, ತೂಗಬೇಕೆಂದರು. ಭಾರದ ಪಕ್ಷದವರೆಲ್ಲ ಹೇಳುವುದು ಅವರ ಹೆಸರನ್ನೇ. ಆದರೆ ಅವರು ಕೂಡ ತೂಕಕ್ಕಿಂತ ಮೊದಲು ಇಟ್ಟದ್ದು ಅಂಬು ಮುರಿಯದಿರುವುದನ್ನು, ಅದರ ಬಳಿಕ ನೆಟ್ಟಗೆ ಹಾರುವುದನ್ನು.

ನಮ್ಮ ಮಾತು

ಬಿಲ್ಲು ನಮ್ಮ ಸೀಮೆಗೆ ಹೊಸತಲ್ಲ. 1802ರಲ್ಲಿ ವಯನಾಡಿನ ಕುರಿಚ್ಯರು ತಲಕ್ಕಲ್ ಚಂದುವಿನ ನಾಯಕತ್ವದಲ್ಲಿ ಬಿಲ್ಲುಬಾಣ ಹಿಡಿದು ಪನಮರಂನ ಕಂಪೆನಿ ಠಾಣ್ಯವನ್ನು ಹಿಡಿದವರು. ಆದರೆ ಇಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ದೇಶದಲ್ಲಿ ಬೇಟೆ ಅಪರಾಧ. ತೋಟಕ್ಕೆ ಹಂದಿ ನುಗ್ಗಿತೆಂದು ಯಾರೂ ಬಿಲ್ಲು ಹುಡುಕಬೇಕಾಗಿಲ್ಲ. ಈ ಲೇಖನ ಅದಕ್ಕಲ್ಲ. ಕಾನೂನು ಒಪ್ಪುವ ನಾಡಿನಲ್ಲಿಯೂ ಅರೆಬರೆ ತಿಳಿವಳಿಕೆಯ ಬೆಲೆಯನ್ನು ಬೇರೊಂದು ಜೀವ ತೆರುತ್ತದೆಂಬುದನ್ನು ಮಕ್ಕಳಿಗೆ ಹೇಳಬೇಕೆನ್ನಿಸಿತು.

ಹೊರಡುವಾಗ ಆತ 200 ಗ್ರೈನಿನ ಅಲಗನ್ನು ಶಾಲೆಗೆಂದು ಕೊಟ್ಟ. ಅರದಿಂದ ಉಜ್ಜಿ ಮೊಂಡು ಮಾಡಿ ಇಟ್ಟುಕೊಂಡೆವು. ಒಂಬತ್ತನೆಯ ತರಗತಿಯಲ್ಲಿ ಸಂವೇಗದ ಪಾಠ ಬಂದ ದಿನ ಅದನ್ನು ಕೈಯಿಂದ ಕೈಗೆ ದಾಟಿಸಿ, ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಕತೆಯನ್ನೂ ಹೇಳಿದೆವು. ಲೆಕ್ಕದ ಬಗ್ಗೆ ಸಂಶಯವಿದ್ದರೆ ಕೇಳಿ ಎಂದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

“ಮತ್ತೆ ಆ ಜಿಂಕೆ ಏನಾಯಿತು, ಮಾಷ್ಟ್ರೇ?”

ಗೊತ್ತಿಲ್ಲ ಮಗೂ, ಎಂದೆವು. ಬಿಟ್ಟವನಿಗೂ ಗೊತ್ತಿಲ್ಲ.