ಉಗುರಗಲದಲ್ಲಿ ಒಂದು ಲಕ್ಷ

ಹತ್ತು ವರ್ಷದ ಹುಡುಗಿಯ ಮುಂಗೈ ಮೇಲೆ ಹೆಬ್ಬೆರಳ ಉಗುರಿನಷ್ಟು ಜಾಗ ಗುರುತು ಮಾಡಿ. ಸುಮಾರು ಒಂದು ಚದರ ಸೆಂಟಿಮೀಟರ್. ಅಷ್ಟರಲ್ಲೇ ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳು ಹೆಚ್ಚುಕಡಿಮೆ ಒಂದು ಲಕ್ಷ ಇರುತ್ತವೆ. ಮೈಪೂರ್ತಿ ಲೆಕ್ಕ ಹಾಕಿದರೆ ನೂರು ಕೋಟಿ ದಾಟುತ್ತವೆ. ಈಗ ಅವಳ ತಂಗಿಯನ್ನು ಪಕ್ಕದಲ್ಲಿ ಕೂರಿಸಿ. ಅಕ್ಕ ಎಣ್ಣೆಗಪ್ಪು, ತಂಗಿ ಹಾಲುಬಿಳುಪು ಎಂದೇ ಇಟ್ಟುಕೊಳ್ಳೋಣ. ತಂಗಿಯ ಮುಂಗೈಯಲ್ಲೂ ಲಕ್ಷವೇ. ಸ್ವೀಡನ್ನಿನ ಹುಡುಗಿಗೂ ಸುಡಾನಿನ ಹುಡುಗಿಗೂ ಎಣಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಹಾಗಾದರೆ ಬಣ್ಣ ಬೇರೆಯಾಗುವುದು ಎಲ್ಲಿ? ಒಂದೊಂದು ಮೆಲನೊಸೈಟ್ ಕೂಡ ಸಣ್ಣ ಸಣ್ಣ ತೋಳು ಚಾಚಿ ಅಕ್ಕಪಕ್ಕದ ಸುಮಾರು 36 ಕೋಶಗಳಿಗೆ ಬಣ್ಣದ ಕಣಗಳನ್ನು ದಾಟಿಸುತ್ತದೆ. ಕಣದ ಗಾತ್ರ ಹೆಚ್ಚುಕಡಿಮೆ ಅರ್ಧ ಮೈಕ್ರಾನ್. ಸಾಲಾಗಿ ಎರಡು ಸಾವಿರ ಜೋಡಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಅಕ್ಕನ ಚರ್ಮದಲ್ಲಿ ಈ ಕಣಗಳು ತುಸು ದೊಡ್ಡವು, ಬಿಡಿಬಿಡಿಯಾಗಿ ಹರಡಿರುತ್ತವೆ. ತಂಗಿಯಲ್ಲಿ ಸಣ್ಣವು, ಗುಂಪುಗೂಡಿ ಬೇಗ ಕರಗಿಹೋಗುತ್ತವೆ. ಪ್ರತಿ ಕೋಶದ ನಡುವಿನ ವಂಶವಾಹಿಗಳ ಮೇಲೆ ಕಣಗಳು ಬಿಸಿಲಿಗೆ ಕೊಡೆ ಹಿಡಿದಂತೆ ನಿಲ್ಲುತ್ತವೆ. ಅಕ್ಕನ ಕೊಡೆ ಹೆಚ್ಚು ಗಟ್ಟಿ. ಇಷ್ಟೆಲ್ಲ ನಡೆಯುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ, ಕಾಗದದ ಹಾಳೆಯಂಥ ಪದರದಲ್ಲಿ. ವಧುವರರ ಜಾಹೀರಾತಿನ ‘ಗೌರವರ್ಣ’ವೂ ಅಷ್ಟೇ ದಪ್ಪ.

ಇನ್ನೂ ಸಣ್ಣದಕ್ಕೆ ಇಳಿಯೋಣ. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಜೀಬ್ರಾಮೀನಿನ ಮಾಸಲು ಬಣ್ಣದ ತಳಿಯೊಂದರ ಕಾರಣ ಹುಡುಕುತ್ತ ಹೋಗಿ ಎಸ್‌ಎಲ್‌ಸಿ24ಎ5 ಎಂಬ ವಂಶವಾಹಿಯನ್ನು ಮುಟ್ಟಿದರು. ಮನುಷ್ಯರ ವಂಶಲಿಪಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದು ಆಫ್ರಿಕದವರಿಗೂ ಯುರೋಪಿನವರಿಗೂ ಇರುವ ಬಣ್ಣದ ಅಂತರದಲ್ಲಿ ಕಾಲುಭಾಗಕ್ಕೂ ಮಿಕ್ಕ ಪಾಲಿಗೆ ಕಾರಣ! ಹತ್ತಾರು ಬೇರೆ ವಂಶವಾಹಿಗಳೂ ಕೈಜೋಡಿಸುತ್ತವೆ, ನಿಜ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2013ರಲ್ಲಿ ತೋರಿಸಿದಂತೆ, ಆ ಬದಲಾದ ಅಕ್ಷರ ನಮ್ಮಲ್ಲೂ ಇದೆ, ಯುರೋಪಿನದರ ಮೂಲದಿಂದಲೇ ಬಂದದ್ದು. ಒಂದು ಸಮುದಾಯದಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇದೆ, ಇನ್ನೊಂದರಲ್ಲಿ ತೀರಾ ವಿರಳ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ದರೆ ಮಗುವಿಗೆ ಎರಡೂ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಒಂದೂ ಸಿಗದಿರುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಒಂದೇ ಮನೆಯ ಅಕ್ಕತಂಗಿಯರ ಬಣ್ಣ ಬೇರೆಯಾಗುವುದು ಇಂಥ ಚೀಟಿ ಎತ್ತುವಿಕೆಯಿಂದ. ಬಸುರಿಗೆ ಕುಡಿಸಿದ ಕೇಸರಿಹಾಲು ಅಷ್ಟರಲ್ಲಿ ತಡವಾಗಿರುತ್ತದೆ! (ಹಾಲು ಹೇಗೂ ಒಳ್ಳೆಯದೇ, ಕುಡಿಯಲಿ.)

ಈ ಒಂದು ಅಕ್ಷರದ ಮೇಲೆ ನಾವು ಹೇರಿದ ಭಾರ ಮಾತ್ರ ಎಣಿಕೆಗೆ ಸಿಗುವುದಿಲ್ಲ. ನಾಮಕರಣದ ಮನೆಯಲ್ಲಿ ತೊಟ್ಟಿಲಿಗೆ ಬಗ್ಗಿದವರು ‘ಬಣ್ಣ ಒಂಚೂರು ಕಮ್ಮಿ, ಮುಖ ಲಕ್ಷಣವಾಗಿದೆ ಬಿಡಿ’ ಎಂದಾಗ ಮಗುವಿಗೆ ವಯಸ್ಸು ತಿಂಗಳೂ ಆಗಿರುವುದಿಲ್ಲ. ಫೇರ್ ಅಂಡ್ ಲವ್ಲಿ 1975ರಲ್ಲಿ ಮಾರುಕಟ್ಟೆಗೆ ಬಂತು; ಹೆಸರಿನಿಂದ ‘ಫೇರ್’ ಕಳಚಿಕೊಳ್ಳಲು 2020 ಬರಬೇಕಾಯಿತು, ಅಂದರೆ 45 ವರ್ಷ. ಅದಕ್ಕೂ ಹಿಂದೆ, 1940ರ ದಶಕದಲ್ಲಿ, ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಎಲ್ಲದರಲ್ಲೂ ಒಂದೇ ತರಹದ ಗೊಂಬೆಗಳನ್ನು ಇಟ್ಟರು. ಆಟಕ್ಕೆ ಯಾವುದು ಬೇಕು ಎಂದರೆ ಮೂರರಲ್ಲಿ ಎರಡು ಪಾಲು ಮಕ್ಕಳು ಬಿಳಿ ಗೊಂಬೆಯನ್ನೇ ತೋರಿಸಿದರು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿನ ವರ್ಣಭೇದವನ್ನು ತಳ್ಳಿಹಾಕಿದಾಗ ಕ್ಲಾರ್ಕ್ ಅವರ ಕೆಲಸವೂ ತೀರ್ಪಿನ ಅಡಿಟಿಪ್ಪಣಿ ಸೇರಿತು.

ಮೂರನೆಯ ವಯಸ್ಸಿಗೇ ಗೊಂಬೆಯ ಕಡೆ ಬೆರಳು ಹೀಗೆ ತಿರುಗುವುದಾದರೆ, ಹದಿನಾರರಲ್ಲಿ ಕೂರಿಸಿಕೊಂಡು ಬುದ್ಧಿ ಹೇಳಿದರೆ ಏನು ಪ್ರಯೋಜನ? ಕೆಲಸ ಬಣ್ಣದ ಡಬ್ಬಿಯಿಂದಲೇ ಶುರುವಾಗಬೇಕು. ಕ್ರಯೋಲಾ ಕಂಪನಿ ತನ್ನ ನಸುಗೆಂಪು ಕಡ್ಡಿಗೆ ‘ಫ್ಲೆಶ್’ ಎಂದಿದ್ದ ಹೆಸರನ್ನು 1962ರಲ್ಲೇ ‘ಪೀಚ್’ ಎಂದು ಬದಲಿಸಿತು. 2020ರಲ್ಲಿ ಚರ್ಮದ 24 ಛಾಯೆಗಳ ಡಬ್ಬಿಯನ್ನೇ ತಂದಿತು. ನಮ್ಮ ತರಗತಿಗಳಲ್ಲಿ ‘ಸ್ಕಿನ್ ಕಲರ್ ಕೊಡೇ’ ಎಂದರೆ ಪಕ್ಕದ ಹುಡುಗಿ ಕೊಡುವುದು ಇವತ್ತಿಗೂ ಆ ಪೀಚ್ ಕಡ್ಡಿಯನ್ನೇ. ಕಂದು ಕಡ್ಡಿ ಮರದ ಕಾಂಡಕ್ಕೆ ಮೀಸಲು.