ಹೊರಮುಖವಾಗುವ ಕಣ್ಣು

ಬಿಸಿಲಿಗೆ ಬಂದೊಡನೆ ಮಗು ಒಂದು ಕಣ್ಣನ್ನು ಮುಚ್ಚಿಕೊಳ್ಳುತ್ತದೆ. ದಣಿದಾಗ, ಜ್ವರ ಬಂದಾಗ, ದೂರವನ್ನು ನೋಡುತ್ತ ಮೈಮರೆತಾಗ ಆ ಕಣ್ಣು ಕಿವಿಯ ಕಡೆಗೆ ಜಾರುತ್ತದೆ. ಹೆಸರು ಹಿಡಿದು ಕೂಗಿದರೆ ಮತ್ತೆ ನೇರವಾಗುತ್ತದೆ. ಇದನ್ನು ಕಂಡು ಮೆಳ್ಳೆಗಣ್ಣು ಅದೃಷ್ಟದ ಕುರುಹೆಂದು ಹಿಗ್ಗುವ ಹಿರಿಯರು ನಮ್ಮಲ್ಲಿದ್ದಾರೆ. ಅದೃಷ್ಟದ ಮಾತು ಹಾಗಿರಲಿ. ಎರಡು ಕಣ್ಣುಗಳ ನೋಟ ಒಂದುಗೂಡಿದಾಗ ಮಾತ್ರ ದೊರೆಯುವ ಆಳದ ಸೂಕ್ಷ್ಮ ಅರಿವು, ಸೂಜಿಗೆ ದಾರ ಪೋಣಿಸಲು ಬೇಕಾಗುವ ಅರಿವು, ಅಂಥ ಮಗುವಿನಲ್ಲಿ ಕ್ರಮೇಣ ಕುಂದಬಹುದು.

ಪ್ರತಿಯೊಂದು ಕಣ್ಣುಗುಡ್ಡೆಯನ್ನೂ ಹೊರಳಿಸಲು ಆರು ಸ್ನಾಯುಗಳಿವೆ. ಅವುಗಳಲ್ಲಿ ಒಂದು ಮೂಗಿನ ಕಡೆಗೂ ಇನ್ನೊಂದು ಕಿವಿಯ ಕಡೆಗೂ, ಕುದುರೆಯ ಎರಡು ಲಗಾಮುಗಳಂತೆ, ಎಳೆಯುತ್ತವೆ. ಸಾಮಾನ್ಯವಾಗಿ ದೋಷವಿರುವುದು ಈ ಲಗಾಮುಗಳಲ್ಲಲ್ಲ, ಅವನ್ನು ಹಿಡಿದ ಮೆದುಳಿನ ಹತೋಟಿಯಲ್ಲಿ. ಆದರೆ ಶಸ್ತ್ರವೈದ್ಯನ ಕೈಗೆಟಕುವುದು ಲಗಾಮು ಮಾತ್ರ.

ಬರ್ಲಿನ್ನಿನ ಡೀಫನ್‌ಬಾಖ್ 1839ರಲ್ಲಿ, ಅರಿವಳಿಕೆ ಇನ್ನೂ ಬಳಕೆಗೆ ಬಾರದಿದ್ದ ದಿನಗಳಲ್ಲಿ, ಒಳಕ್ಕೆ ತಿರುಗಿದ್ದ ಬಾಲಕನೊಬ್ಬನ ಕಣ್ಣಿನ ಒಳಸ್ನಾಯುವನ್ನು ಕತ್ತರಿಸಿ ಅದನ್ನು ನೇರಗೊಳಿಸಿದ. ಯೂರೋಪಿನಲ್ಲೆಲ್ಲ ಅದರ ಅನುಕರಣೆ ನಡೆಯಿತು. ಆದರೆ ಕತ್ತರಿಸಿ ಸಡಿಲ ಬಿಟ್ಟ ಸ್ನಾಯು ಹಿಂದೆ ಸರಿದು, ಅನೇಕರ ಕಣ್ಣು ಹೊರಕ್ಕೆ ಹೊರಳಿತು! ಕತ್ತರಿಸಿದ ಸ್ನಾಯುವನ್ನು ಅಳೆದ ಜಾಗದಲ್ಲಿ ಮರಳಿ ಹೊಲಿಯುವ ಇಂದಿನ ಪದ್ಧತಿಯಲ್ಲಿ ಆ ಅಪಾಯಕ್ಕೆ ಕಡಿವಾಣವಿದೆ.

ಕಣ್ಣನ್ನು ಹೊರತೆಗೆದು ಮತ್ತೆ ಕೂರಿಸುತ್ತಾರೆಂಬ ಭಯ ನಿರಾಧಾರವಾದುದು. ಬಿಳಿಗುಡ್ಡೆಯ ಮೇಲಿನ ತೆಳುಪೊರೆಯನ್ನು ಸ್ವಲ್ಪ ಬಿಡಿಸಿ, ಹೊರಸ್ನಾಯುವನ್ನು ಬಿಡಿಸಿಕೊಂಡು ಕೆಲವೇ ಮಿಲಿಮೀಟರು ಹಿಂದೆ ಹೊಲಿಯುತ್ತಾರೆ. ಅದರ ಸೆಳೆತ ತಗ್ಗುತ್ತದೆ. ಇಲ್ಲವೇ ಅದರೊಡನೆ ಒಳಸ್ನಾಯುವಿನ ಒಂದು ತುಂಡನ್ನು ತೆಗೆದು ಅದನ್ನು ಬಿಗಿಗೊಳಿಸುತ್ತಾರೆ. ಹೊಲಿಗೆಗಳು ತಾವಾಗಿ ಕರಗುತ್ತವೆ. ಎಷ್ಟೋ ವೇಳೆ ಎರಡೂ ಕಣ್ಣುಗಳ ಹೊರಸ್ನಾಯುಗಳನ್ನು ಹಿಂದೆ ಸರಿಸಬೇಕಾಗುತ್ತದೆ. ‘ಚೆನ್ನಾಗಿರುವ ಕಣ್ಣಿಗೇಕೆ ಕತ್ತರಿ?’ ಎಂದು ತಾಯಂದಿರು ಕೇಳುವುದು ಸಹಜ. ಓರೆ ಎಂಬುದು ಎರಡು ಕಣ್ಣುಗಳ ನಡುವಿನ ಕೋನ. ಅದನ್ನು ಇಬ್ಬದಿಯಿಂದಲೂ ತಿದ್ದಬಹುದು.

ಓರೆ ಕಂಡೊಡನೆ ಶಸ್ತ್ರಚಿಕಿತ್ಸೆಗೆ ಧಾವಿಸಬೇಕಿಲ್ಲ. ಕನ್ನಡಕ, ಒಂದು ಕಣ್ಣಿಗೆ ಕೆಲಹೊತ್ತು ಪಟ್ಟಿ, ಕೆಲವರಿಗೆ ನೋಟವನ್ನು ಹತ್ತಿರಕ್ಕೆ ಕೂಡಿಸುವ ಅಭ್ಯಾಸ, ಇವು ಮೊದಲು. ಕಣ್ಣು ಜಾರುವ ಹೊತ್ತು ಹೆಚ್ಚುತ್ತ ಹೋದರೆ ಆಗ ಶಸ್ತ್ರದ ಮಾತು. ಆದರೆ ಪರೀಕ್ಷೆಯನ್ನು ಮುಂದೂಡಲಾಗದು. ಹಸುಳೆಯ ಕಣ್ಣು ಸದಾ ಹೊರಗೇ ನಿಂತಿದ್ದರೆ, ಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ, ಒಂದು ದಿನವೂ ತಡೆಯದೆ ಅಕ್ಷಿಪಟಲವನ್ನು ಪರೀಕ್ಷಿಸಬೇಕು. ಒಮ್ಮೊಮ್ಮೆ ಅಲ್ಲಿ ಪ್ರಾಣಕ್ಕೆ ಎರವಾಗುವ ಗೆಡ್ಡೆ ಅಡಗಿರುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಕಣ್ಣು ತುಸು ಒಳಕ್ಕೇ ತಿರುಗಿ, ಒಂದು ವಸ್ತು ಎರಡಾಗಿ ಕಾಣಬಹುದು. ಮತ್ತೆ ಹೊರಕ್ಕೆ ಜಾರುವುದೇ ಈ ಕಣ್ಣಿನ ಚಾಳಿಯಾದ್ದರಿಂದ ವೈದ್ಯರು ಬೇಕೆಂದೇ ಹಾಗೆ ಅಳೆದಿರುತ್ತಾರೆ. ಆದರೂ ವರ್ಷಗಳ ತರುವಾಯ ಓರೆ ಮರಳುವುದುಂಟು. ಎರಡನೆಯ ಶಸ್ತ್ರಚಿಕಿತ್ಸೆ ಅಪರೂಪವಲ್ಲ. ಕನ್ನಡಕವೂ ತಪ್ಪದು, ಮಂದವಾದ ದೃಷ್ಟಿ ಇದರಿಂದಲೇ ಚುರುಕಾಗದು. ಇಷ್ಟನ್ನು ಮೊದಲೇ ತಿಳಿಸಿ ಹೇಳುವ ವೈದ್ಯರನ್ನೇ ನಂಬುವುದು ಲೇಸು.

ವಯಸ್ಸು ಮೀರಿತೆಂದು ಕೈಚೆಲ್ಲಿದವರೂ ಇದ್ದಾರೆ. ಅದು ಸರಿಯಲ್ಲ. ವಯಸ್ಕರಲ್ಲಿ ಹೊಲಿಗೆಯ ಗಂಟನ್ನು ಸಡಿಲವಾಗಿ ಬಿಟ್ಟು, ಎಚ್ಚರವಾದ ಮೇಲೆ ರೋಗಿಯ ನೋಟವನ್ನು ಪರೀಕ್ಷಿಸಿ, ಬಿಗಿಯನ್ನು ಹೊಂದಿಸಿ ಗಂಟು ಹಾಕುವ ಉಪಾಯವೂ ಉಂಟು.